ಗಾಜಿನ ಚಿತ್ರವನ್ನು ಮಾರುವ ಮುನ್ನ

ನಮ್ಮ ಅಜ್ಜಿಯ ದೇವರ ಕೋಣೆಯಲ್ಲಿ ಗಾಜಿನ ಮೇಲೆ ಬರೆದ ಬಾಲಕೃಷ್ಣನ ಚಿತ್ರವೊಂದಿತ್ತು. ದೇವರ ಹಿಂದೆ ಇಳಿಬಿಟ್ಟ ಕೆಂಪು ಪರದೆ, ಅದರ ಮಡಿಕೆಗಳಲ್ಲಿ ನೆರಳು ಬೆಳಕು. ಆ ಪರದೆ ಗೋಕುಲದ್ದಲ್ಲ, ಯೂರೋಪಿನ ಚಿತ್ರಗಳದ್ದು ಎಂದು ನನಗೆ ಹೊಳೆದದ್ದು ಬಹಳ ವರ್ಷಗಳ ಮೇಲೆ. ಬರೆದವರ ಹೆಸರು ಅದರಲ್ಲಿ ಎಲ್ಲಿಯೂ ಇರಲಿಲ್ಲ.

ಈ ವಿದ್ಯೆ ನಮ್ಮ ಕಡೆಗೆ ಬಂದ ದಾರಿ ಸ್ವಾರಸ್ಯವಾದದ್ದು. 1757ರಿಂದ 1842ರವರೆಗೆ ಚೀನಾದೊಂದಿಗೆ ಪಾಶ್ಚಾತ್ಯರ ಹಡಗುಗಳ ವ್ಯಾಪಾರವೆಲ್ಲ ಹೆಚ್ಚುಕಡಿಮೆ ಕ್ಯಾಂಟನ್ ಬಂದರಿನಲ್ಲಿಯೇ ನಡೆಯುತ್ತಿತ್ತು. ಹಡಗಿನವರು ತಂದ ಅಚ್ಚುಚಿತ್ರಗಳನ್ನು ನೋಡಿ ಅಲ್ಲಿಯ ಚಿತ್ರಕಾರರು ನೆರಳು ಬೆಳಕಿನ ಕ್ರಮವನ್ನು ಕಲಿತು ತಮ್ಮ ಶೈಲಿಯಲ್ಲಿ ಬೆರೆಸಿದರು. ಗಾಜಿನ ಹಿಂಬದಿಯಲ್ಲಿ ಬರೆದ ಅವರ ಚಿತ್ರಗಳು 18ನೆಯ ಶತಮಾನದಲ್ಲಿ ಭಾರತಕ್ಕೂ ಬಂದವು. ಆಮೇಲೆ ಮೈಸೂರು, ತಂಜಾವೂರುಗಳ ಚಿತ್ರಕಾರರು ಅದೇ ರೀತಿಯಲ್ಲಿ ದೇವರನ್ನೂ ದೊರೆಗಳನ್ನೂ ಬರೆದರು. ಕ್ಯಾಂಟನ್ನಿನ ಅಂಗಡಿಗಳಲ್ಲಿ ಹಲವು ಕೈ ಸೇರಿ ಒಂದು ಚಿತ್ರವಾಗುತ್ತಿತ್ತು, ಸಹಿ ಹಾಕುವವರಾರು?

ಗಾಜಿನಲ್ಲಿ ಕೆಲಸವೆಲ್ಲ ತಿರುಗುಮುರುಗು. ಕಾಗದದಲ್ಲಿ ಕೊನೆಗೆ ಇಡುವ ಕಣ್ಣಿನ ಪಾಪೆ, ಮೂಗುತಿ ಇಲ್ಲಿ ಮೊದಲು, ಮೈಬಣ್ಣ ಆಮೇಲೆ, ಆಕಾಶ ಎಲ್ಲಕ್ಕೂ ಕೊನೆ. ಎಡಬಲಗಳೂ ಅದಲುಬದಲು. ಇದನ್ನರಿಯದ ನಾನು, ಶಿಕ್ಷಕರ ತರಬೇತಿಯ ಒಂದು ರಜೆಯಲ್ಲಿ, ಚೌಕಟ್ಟು ಬಿಚ್ಚಿ ಹಿಂಬದಿಯ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದೆ. ಆಕಾಶ ಬಟ್ಟೆಗೆ ಬಂತು. ಅಜ್ಜಿ ಒಂದು ಮಾತೂ ಆಡಲಿಲ್ಲ. ಉಳಿದ ಕೃಷ್ಣನನ್ನು ಅದೇ ಮೊಳೆಗೆ ತೂಗುಹಾಕಿ ಹೂವು ಮುಡಿಸಿದರು.

ಸೂಳಗಿರಿಯ ಸುತ್ತ ಹಳೆಯ ಮನೆ ಕೆಡವಿದಾಗ ಅಟ್ಟದ ಸಾಮಾನು ಕೊಳ್ಳುವವರು ಬರುತ್ತಾರೆ. ಸಹಿ ಇಲ್ಲದ ಚಿತ್ರಕ್ಕೆ ಏನು ಬೆಲೆ ಎಂದು ಪಾತ್ರೆ ಪಗಡದ ಜೊತೆ ಅದನ್ನೂ ಕೊಟ್ಟುಬಿಡುತ್ತೇವೆ. ಕೊಳ್ಳುವವರನ್ನೆಲ್ಲ ನಾನು ದೂರುವುದಿಲ್ಲ. ಸಂಗ್ರಹಿಸುವವರು ಇಲ್ಲದಿದ್ದರೆ ಎಷ್ಟೋ ಗಾಜು ತಿಪ್ಪೆ ಸೇರುತ್ತಿತ್ತು. ಆದರೆ ಸಹಿ ಇಲ್ಲದ ಚಿತ್ರಕ್ಕೆ ಅದಿದ್ದ ಮನೆಯೇ ಗುರುತು. ಅದು ಯಾವ ಊರಿನದು, ಯಾರು ತಂದದ್ದು ಎಂಬುದು ಹೊಸಿಲು ದಾಟಿದ ದಿನವೇ ಅಳಿಸಿಹೋಗುತ್ತದೆ. ಆಮೇಲೆ ಎಷ್ಟು ಹಣ ಕೊಟ್ಟರೂ ಅದು ಸಿಗದು.

ಪೋಷಕರು ಮಾರಲೇಬೇಕಾದರೆ ಮಾರಲಿ, ಕಷ್ಟ ಯಾರಿಗಿಲ್ಲ? ಅದಕ್ಕೆ ಮುಂಚೆ, ಮಕ್ಕಳೇ, ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ. ಅವರು ಕನ್ನಡದಲ್ಲಿ ಹೇಳಲಿ, ತೆಲುಗು ತಮಿಳಿನಲ್ಲಿ ಹೇಳಲಿ, ಹೇಳಿದ್ದನ್ನು ಕಾಗದದಲ್ಲಿ ಬರೆದು ಚೌಕಟ್ಟಿನ ಹಲಗೆಗೆ ಅಂಟಿಸಿ. ಗಾಜಿನ ಹಿಂಬದಿಯನ್ನು ಮಾತ್ರ ಮುಟ್ಟಬೇಡಿ.

ಅಜ್ಜಿಯ ಕೃಷ್ಣ ಈಗ ನನ್ನ ಮನೆಯಲ್ಲಿದ್ದಾನೆ. ಆಕಾಶವಿದ್ದ ಕಡೆ ಹಲಗೆ ಕಾಣುತ್ತದೆ. ಆ ಹಲಗೆಗೆ ಅಂಟಿಸಲು ನನ್ನಲ್ಲಿ ಏನೂ ಇಲ್ಲ. ಚಿತ್ರ ಎಲ್ಲಿಂದ ಬಂತೆಂದು ಅಜ್ಜಿಯನ್ನು ನಾನು ಕೇಳಲೇ ಇಲ್ಲ.