ಸೀಳಿದರೆ ಬಾಗುವ ಹಲಗೆ

ಮೂಡಿಗೆರೆ, ಕಳಸದ ಕಡೆ ನಾಟಿಯ ದಿನಗಳಲ್ಲಿ ಹೆಣ್ಣಾಳುಗಳು ಗೊರಬು ಹೊದ್ದು ಸಾಲಾಗಿ ಬಗ್ಗಿ ಸಸಿ ನೆಡುತ್ತಿದ್ದ ದೃಶ್ಯ ಐವತ್ತು ದಾಟಿದ ಮಲೆನಾಡಿಗರಿಗೆಲ್ಲ ನೆನಪಿರುತ್ತದೆ. ಬಿದಿರಿನ ಸೀಳುಗಳನ್ನು ಹೆಣೆದು, ಎಲೆ ಹೊದಿಸಿ, ತಲೆಯಿಂದ ಸೊಂಟದವರೆಗೆ ಬೆನ್ನಿನ ಆಕಾರಕ್ಕೇ ಬಾಗಿಸಿದ ಮಳೆಗವಚ ಅದು. ಅದರ ಜಾಗವನ್ನು ಪ್ಲಾಸ್ಟಿಕ್ ಕೊಪ್ಪೆ ಆಕ್ರಮಿಸಿ ಬಹಳ ಕಾಲವಾಯಿತು. ಈಗ ಗೊರಬು ಕಾಣಸಿಗುವುದು ಹೋಂಸ್ಟೇಗಳ ಗೋಡೆಯ ಮೇಲೆ, ಅಲಂಕಾರಕ್ಕೆ.

ಅಂಥದೇ ಗೋಡೆಯ ಮೇಲೆ ಇನ್ನೊಂದು ವಸ್ತುವನ್ನೂ ನೀವು ಗಮನಿಸಿರಬಹುದು: ತೆಳು ಪ್ಲೈವುಡ್ಡಿನ ದೀಪದ ಗೂಡು. ಗಟ್ಟಿ ಹಲಗೆಯೊಂದು ಚಾಪೆಯ ಹಾಗೆ ದುಂಡಗೆ ಸುತ್ತಿಕೊಂಡಿರುತ್ತದೆ. ಹತ್ತಿರ ಹೋಗಿ ನೋಡಿದರೆ ಹಲಗೆಯ ತುಂಬ ನೂರಾರು ಸಣ್ಣ ಸೀಳುಗಳು. ಇವು ಲೇಸರ್ ಕೊರೆದ ಸೀಳುಗಳು. ಗಟ್ಟಿ ವಸ್ತುವನ್ನು ಬಾಗಿಸಬೇಕಾದರೆ ಮೊದಲು ಅದನ್ನು ಸೀಳಬೇಕು ಎಂಬ ತಿಳಿವು ಗೊರಬು ಹೆಣೆದವರಲ್ಲೂ ಇತ್ತು. ಆದರೆ ಸೀಳುವ ಬಗೆ ಬೇರೆ.

ಸೀಳದೆ ಬಗ್ಗಿಸಿದರೆ ಏನಾಗುತ್ತದೆ? 3 ಮಿ.ಮೀ. ದಪ್ಪದ ಹಲಗೆಯನ್ನು 3 ಸೆಂ.ಮೀ. ತ್ರಿಜ್ಯದ ವೃತ್ತಕ್ಕೆ ಬಾಗಿಸುವುದಾದರೆ ಅದರ ಒಳಮೈ ಕುಗ್ಗಬೇಕು, ಹೊರಮೈ ನೂರಕ್ಕೆ ಐದರಷ್ಟು ಹಿಗ್ಗಬೇಕು. ಒಣಗಿದ ಮರ ತಡೆದುಕೊಳ್ಳುವುದು ಹೆಚ್ಚುಕಡಿಮೆ ನೂರಕ್ಕೆ ಒಂದರಷ್ಟು ಹಿಗ್ಗನ್ನು ಮಾತ್ರ. ಹಾಗಾಗಿ ಅದು ಲಟ್ಟನೆ ಮುರಿಯುತ್ತದೆ.

ಮೇದಾರರು ಇದಕ್ಕೆ ಕಂಡುಕೊಂಡ ಉಪಾಯ ದಪ್ಪವನ್ನೇ ಇಳಿಸುವುದು. ದಪ್ಪ ಅರ್ಧವಾದರೆ ಹಿಗ್ಗೂ ಅರ್ಧ. ಬಗ್ಗಿಸಲು ಬೇಕಾದ ಬಲವಂತೂ ಎಂಟನೇ ಒಂದು ಪಾಲಿಗೆ ಇಳಿಯುತ್ತದೆ. ಬಿದಿರಿನ ನಾರು ಹೊರಸಿಪ್ಪೆಯ ಕಡೆ ಒತ್ತಾಗಿರುವುದರಿಂದ ಆ ಭಾಗದ ಸೀಳು ತೆಳುವಾಗಿದ್ದರೂ ಗಟ್ಟಿ. ಬಡಗಿಗಳದು ಇನ್ನೊಂದು ದಾರಿ. ಹಲಗೆಯ ಹಿಂಬದಿಗೆ ಗರಗಸದಿಂದ ಸಾಲುಸಾಲಾಗಿ ಆಳವಾದ ಗೆರೆ ಕೊಯ್ದು, ಮುಂಬದಿಯಲ್ಲಿ ತೆಳು ಪದರ ಉಳಿಸಿಕೊಂಡು ಬಗ್ಗಿಸುವುದು. ಇಲ್ಲಿಯೂ ಬಾಗುವುದು ಆ ತೆಳು ಪದರವೇ.

ಲೇಸರ್ ಸೀಳಿನಲ್ಲಿ ದಪ್ಪ ಕಡಿಮೆಯಾಗುವುದೇ ಇಲ್ಲ. ಸೀಳು ಹಲಗೆಯ ಆಚೆಗೂ ತೂರುತ್ತದೆ. ಮೊದಲ ಸಾಲಿನಲ್ಲಿ ಸೀಳು, ಚಿಕ್ಕ ಸೇತುವೆ, ಮತ್ತೆ ಸೀಳು. ಎರಡನೆಯ ಸಾಲಿನ ಸೇತುವೆ ಮೊದಲ ಸಾಲಿನ ಸೀಳಿನ ನಡುಮಧ್ಯಕ್ಕೆ ಬರಬೇಕು. ಇಟ್ಟಿಗೆ ಗೋಡೆಯಲ್ಲಿ ಸಂದು ತಪ್ಪಿಸಿ ಇಡುವುದಿಲ್ಲವೇ, ಹಾಗೆ. ಎರಡು ಸಾಲುಗಳ ನಡುವೆ ಉಳಿಯುವುದು ಉದ್ದನೆಯ ಮರದ ಪಟ್ಟಿಗಳು. ಹಲಗೆಯನ್ನು ಬಗ್ಗಿಸಿದಾಗ ಈ ಪಟ್ಟಿಗಳು ಬಾಗುವುದಿಲ್ಲ, ಬಟ್ಟೆ ಹಿಂಡಿದ ಹಾಗೆ ಒಂದಿಷ್ಟು ತಿರುಚಿಕೊಳ್ಳುತ್ತವೆ. ಮೇಲಿನ ಉದಾಹರಣೆಯಲ್ಲಿ ಕಾಲು ವೃತ್ತದ ಉದ್ದ ಸುಮಾರು 47 ಮಿ.ಮೀ. ಅಷ್ಟರಲ್ಲಿ 20 ಸಾಲು ಹಿಡಿಸಿದರೆ 90 ಡಿಗ್ರಿಯ ಬಾಗು ಹಂಚಿಹೋಗಿ ಒಂದೊಂದು ಸಾಲಿನ ಪಾಲಿಗೆ ಬರುವುದು ನಾಲ್ಕೂವರೆ ಡಿಗ್ರಿ ತಿರುಚು ಮಾತ್ರ. ಸೀಳು ಉದ್ದವಾದಷ್ಟೂ ಈ ತಿರುಚು ಪಟ್ಟಿಗೆ ಹಗುರ. ಉದ್ದ ವಿಪರೀತವಾದರೆ ಹಲಗೆ ಬಟ್ಟೆಯಂತೆ ಜೋಲುತ್ತದೆ, ಅದು ಬೇರೆ ಮಾತು.

ನಂಬಿಕೆ ಬಾರದಿದ್ದರೆ ಹಳೆಯ ಕ್ಯಾಲೆಂಡರಿನ ರಟ್ಟು ತೆಗೆದುಕೊಳ್ಳಿ. 4 ಸೆಂ.ಮೀ. ಸೀಳು, ಅರ್ಧ ಸೆಂ.ಮೀ. ಸೇತುವೆ, ಸಾಲಿನಿಂದ ಸಾಲಿಗೆ ಅರ್ಧ ಸೆಂ.ಮೀ. ಅಂತರ. ಹತ್ತು ಸಾಲು ಬ್ಲೇಡಿನಿಂದ ಕೊಯ್ದು ಬಾಗಿಸಿ ನೋಡಿ. ಮಕ್ಕಳ ಕೈಗೆ ಬ್ಲೇಡು ಕೊಡುವುದು ಬೇಡ.

ಮರ, ರಟ್ಟು, ಅಕ್ರಿಲಿಕ್‌ಗಳನ್ನು ಕೊರೆಯಲು ಸಾಮಾನ್ಯವಾಗಿ ಬಳಸುವುದು ಇಂಗಾಲದ ಡೈಆಕ್ಸೈಡ್ ಲೇಸರನ್ನು. ಇದನ್ನು 1964ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದವರು ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ಸಿ. ಕುಮಾರ್ ಪಟೇಲ್. ಅದರ ಕಿರಣ ಕಣ್ಣಿಗೆ ಕಾಣದು. ಮರ ಅದನ್ನು ಚೆನ್ನಾಗಿ ಹೀರಿಕೊಂಡು ಅಲ್ಲೇ ಉರಿದು ಆವಿಯಾಗುತ್ತದೆ. ಸೀಳಿನಲ್ಲಿ ಮಿಲಿಮೀಟರಿನ ಒಂದೆರಡು ದಶಾಂಶದಷ್ಟು ತೆರವು ಉಳಿಯುತ್ತದೆ. ಆ ತೆರವು ಇಲ್ಲದಿದ್ದರೆ ತಿರುಚುವ ಪಟ್ಟಿಗಳ ಅಂಚುಗಳು ಒಂದಕ್ಕೊಂದು ತಾಗಿ ನಿಂತುಬಿಡುತ್ತಿದ್ದವು. ಪಿ.ವಿ.ಸಿ. ಹಾಳೆಯನ್ನು ಮಾತ್ರ ಲೇಸರಿಗೆ ಒಡ್ಡಬಾರದು. ಹೊಮ್ಮುವ ಹೈಡ್ರೋಜನ್ ಕ್ಲೋರೈಡ್ ಯಂತ್ರಕ್ಕೂ ಶ್ವಾಸಕೋಶಕ್ಕೂ ವಿಷ.

ಇಷ್ಟೆಲ್ಲ ಆದರೂ ಈ ಸಾಲು ಸೀಳುಗಳ ಹಲಗೆ ಸಲೀಸಾಗಿ ಬಾಗುವುದು ಒಂದೇ ದಿಕ್ಕಿಗೆ. ಕೊಳವೆಯಾಗುತ್ತದೆ, ಬೋಗುಣಿಯಾಗುವುದಿಲ್ಲ. ಚಪ್ಪಟೆ ಹಾಳೆಯನ್ನು ಹಿಗ್ಗಿಸದೆ, ಕುಗ್ಗಿಸದೆ ಗೋಳಕ್ಕೆ ಹೊದಿಸಲಾಗದು ಎಂಬುದು ಜರ್ಮನಿಯ ಗಣಿತಜ್ಞ ಗೌಸ್ 1827ರಲ್ಲಿ ಪ್ರಕಟಿಸಿದ ಪ್ರಮೇಯದಿಂದ ಹೊರಡುವ ಮಾತು. ನೆನೆಸಿದ ಅಡಿಕೆ ಹಾಳೆಯನ್ನು ಬಿಸಿ ಅಚ್ಚಿನಲ್ಲಿ ಒತ್ತಿದಾಗ ದೊನ್ನೆಯ ಅಂಚಿನಲ್ಲಿ ನೆರಿಗೆ ಬೀಳುವುದು ಇದಕ್ಕೇ. ಗೊರಬಿನಲ್ಲಿ, ಕಾಫಿ ಹಣ್ಣಿನ ಬುಟ್ಟಿಯಲ್ಲಿ ಈ ತೊಡಕಿಲ್ಲ. ಹೆಣೆಯುವ ಕೈ ಒಂದೊಂದು ಸೀಳನ್ನೂ ಬೇಕಾದಷ್ಟು ಎಡೆಗೆ ಸರಿಸುತ್ತದೆ, ಬುಟ್ಟಿ ಎರಡೂ ದಿಕ್ಕಿಗೆ ಬಾಗುತ್ತದೆ. ಲೇಸರ್ ಯಂತ್ರ ಕೊಳ್ಳಲು ಸಾಲ, ತರಬೇತಿ ಎಂದು ಓಡಾಡುವವರು ಇದನ್ನೂ ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು. ಯಂತ್ರ ಮಾಡುವುದು ಬುಟ್ಟಿ ಹೆಣೆಯುವವರ ಅರ್ಧ ಕೆಲಸವನ್ನು ಮಾತ್ರ.

ಉಳಿದರ್ಧಕ್ಕೆ ಬಿದಿರು ಬೇಕು. ಕೆಲವು ದಶಕಗಳಿಗೊಮ್ಮೆ ಇಡೀ ಕಾಡಿನ ಬಿದಿರು ಒಟ್ಟಿಗೆ ಹೂ ಬಿಟ್ಟು, ಬಿದಿರಕ್ಕಿ ಉದುರಿಸಿ ಸಾಯುವಾಗ ಹೆಣೆಯುವವರ ಕಸುಬೂ ನಿಲ್ಲುತ್ತದೆ. ಅರಣ್ಯದ ಹೊರಗೆ ಬೆಳೆದ ಬಿದಿರನ್ನು ಭಾರತೀಯ ಅರಣ್ಯ ಕಾಯಿದೆಯ ‘ಮರ’ ಎಂಬ ವ್ಯಾಖ್ಯೆಯಿಂದ 2017ರಲ್ಲಿ ಕೈಬಿಡಲಾಗಿದೆ. ತೋಟದ ಬೇಲಿಗುಂಟ ನಾಲ್ಕು ಹಿಂಡಿಲು ಬಿದಿರು ಹಾಕಲು ಬೆಳೆಗಾರರಿಗೆ ಹಿಂದಿನಷ್ಟು ಅಂಜಿಕೆ ಬೇಕಿಲ್ಲ.

ಲೇಸರ್ ಹಲಗೆ ಕೊಳ್ಳುವವರಿಗೆ ಒಂದು ಮಾತು. ಎಂ.ಡಿ.ಎಫ್. ಎಂಬುದು ಮರದ ನಾರನ್ನು ಅಂಟಿನೊಂದಿಗೆ ಒತ್ತಿ ಮಾಡಿದ ಹಲಗೆ. ತೇವ ಒಳಗಿಳಿಯುವುದು ಮುಖ್ಯವಾಗಿ ಅಂಚಿನಿಂದ. ಒಂದೊಂದು ಸೀಳೂ ಎರಡೆರಡು ಹೊಸ ಅಂಚು. ಪುನರ್ವಸು, ಪುಷ್ಯ ಮಳೆ ಹಿಡಿದರೆ ಕಳಸದಲ್ಲಿ ಬೂಷ್ಟು ಕಟ್ಟುವುದು ಅಲ್ಲಿಂದಲೇ. ಪ್ಲೈವುಡ್ ವಾಸಿ, ಸೀಳುಗಳಿಗೂ ವಾರ್ನಿಷ್ ಕುಡಿಸಬೇಕು. ನೀರಿಗೆ ಜಗ್ಗದ ದರ್ಜೆಯ ಪ್ಲೈವುಡ್ಡಾದರೆ ಅದರ ಕಪ್ಪು ಅಂಟು ಸಣ್ಣ ಲೇಸರಿಗೂ ಸುಲಭಕ್ಕೆ ಜಗ್ಗದೆ ಕರಿಕಾಗುತ್ತದೆ. ಅಲ್ಲಿ ಬಡಗಿಯ ಗರಗಸವೇ ಸೈ.