ಪಾಳಿ ಬದಲಾಗುವ ಮುನ್ನ

ಟಾಟಾ ಉಕ್ಕು ಕಂಪನಿ ತನ್ನ ಕಾರ್ಮಿಕರ ವಾರದ ರಜೆಯನ್ನು ಭಾನುವಾರದಿಂದ ಬೇರೆ ದಿನಕ್ಕೆ ಸರಿಸಿದ ಪ್ರಕರಣ ಸುಪ್ರೀಂ ಕೋರ್ಟ್‌ವರೆಗೂ ಹೋಗಿತ್ತು. ರಜೆಯೇನೂ ರದ್ದಾಗಿರಲಿಲ್ಲ, ದಿನ ಬದಲಾಗಿತ್ತು ಅಷ್ಟೆ. ಆದರೂ ಮುಂಚಿತವಾಗಿ ನೋಟಿಸ್ ಕೊಡದೆ ಹೀಗೆ ಮಾಡುವಂತಿಲ್ಲ ಎಂದು 1972ರಲ್ಲಿ ನ್ಯಾಯಾಲಯ ಹೇಳಿತು. ಆಗ ಆಧಾರವಾಗಿದ್ದದ್ದು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 9ಎ ಸೆಕ್ಷನ್. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ 40ನೇ ಸೆಕ್ಷನ್‌ನಲ್ಲಿ ಆ ನಿಯಮ ಉಳಿದುಕೊಂಡಿದೆ: ಸಂಬಳ, ಭತ್ಯೆ, ಕೆಲಸದ ಅವಧಿ, ಪಾಳಿ, ರಜೆ, ರೂಢಿಯಿಂದ ಸಿಗುತ್ತಿದ್ದ ಸವಲತ್ತು, ಇವುಗಳಲ್ಲಿ ಯಾವುದನ್ನು ಬದಲಿಸಬೇಕೆಂದಿದ್ದರೂ ಕಾರ್ಮಿಕರಿಗೆ ನೋಟಿಸ್ ಕೊಟ್ಟು 21 ದಿನ ಕಾಯಬೇಕು.

ಈ ನೋಟಿಸ್ ಮಾಲೀಕರ ಕೈ ಕಟ್ಟುವುದಿಲ್ಲ. ಅವಧಿ ಮುಗಿದ ಮೇಲೆ ಬದಲಾವಣೆ ತರಬಹುದು. ಆದರೆ ಆ ಮೂರು ವಾರಗಳಲ್ಲಿ ಕಾರ್ಮಿಕರು ವಿವಾದ ಎತ್ತಿ, ಅದು ಸಂಧಾನಾಧಿಕಾರಿಯ ಮುಂದೆ ಹೋದರೆ, ಸಂಧಾನ ನಡೆಯುತ್ತಿರುವಾಗ ಆ ವಿಷಯದಲ್ಲಿ ಅನುಮತಿಯಿಲ್ಲದೆ ಏನನ್ನೂ ಬದಲಿಸುವಂತಿಲ್ಲ. ನೋಟಿಸ್‌ನ ನಿಜವಾದ ಬಲ ಇರುವುದು ಇಲ್ಲಿ. ಬೆಳಗಿನ ಪಾಳಿ ಎರಡು ಗಂಟೆ ಹಿಂದಕ್ಕೆ ಬಂದರೆ ಗಾರ್ಮೆಂಟ್ಸ್ ಕಾರ್ಖಾನೆಗೆ ಹೋಗುವ ತಾಯಿ ಮಗುವನ್ನು ಯಾರ ಬಳಿ ಬಿಡಬೇಕು? ಅಂಗನವಾಡಿಯ ಬಾಗಿಲು ಅಷ್ಟು ಹೊತ್ತಿಗೆ ತೆರೆದಿರುವುದಿಲ್ಲ, ಊರಿನ ಮೊದಲ ಬಸ್ಸೂ ಬಂದಿರುವುದಿಲ್ಲ. ಉತ್ಪಾದನೆಯ ಲೆಕ್ಕ ಹಾಕಿದವರಿಗೆ ಕಾಣದ ಈ ಸಂಗತಿಗಳನ್ನು ಅವರ ಮುಂದಿಡಲು ಸಮಯ ಬೇಕೇ ಬೇಕು.

ಮಾತಿಗೆ ಜಾಗವಿಲ್ಲದೆ ಹೋದರೆ ಏನಾಗುತ್ತದೆ ಎಂಬುದನ್ನು ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಕಂಡಿದ್ದೇವೆ. 2020ರ ಡಿಸೆಂಬರ್ 12ರಂದು ವಿಸ್ಟ್ರಾನ್ ಘಟಕದಲ್ಲಿ ನಡೆದ ದಾಂಧಲೆಯನ್ನು ಯಾರೂ ಸಮರ್ಥಿಸಲಾರರು. ಆದರೆ 8 ಗಂಟೆಯ ಪಾಳಿಯನ್ನು 12 ಗಂಟೆಗೆ ಏರಿಸಿದ್ದನ್ನೂ, ಹಾಜರಾತಿ ಮತ್ತು ಸಂಬಳದ ಲೆಕ್ಕದಲ್ಲಿದ್ದ ಲೋಪಗಳನ್ನೂ ಕಾರ್ಖಾನೆಗಳ ಇಲಾಖೆಯೇ ಗುರುತಿಸಿತು. ಕೆಲವರಿಗೆ ಸರಿಯಾಗಿ ಸಂಬಳ ಸಂದಿಲ್ಲವೆಂದು ಕಂಪನಿಯೂ ಒಪ್ಪಿಕೊಂಡಿತು.

ಪೈಪೋಟಿಯ ಕಾಲದಲ್ಲಿ ವಿದೇಶದ ಆರ್ಡರ್ 21 ದಿನ ಕಾಯುವುದಿಲ್ಲ ಎಂಬ ಉದ್ಯಮಿಗಳ ಮಾತನ್ನು ತಳ್ಳಿಹಾಕಲಾಗದು. ಅದಕ್ಕೆಂದೇ ಹೊಸ ಸಂಹಿತೆ, ತುರ್ತು ಸಂದರ್ಭದಲ್ಲಿ ಕುಂದುಕೊರತೆ ಪರಿಹಾರ ಸಮಿತಿಯೊಂದಿಗೆ ಸಮಾಲೋಚಿಸಿ ನೋಟಿಸ್ ಇಲ್ಲದೆಯೂ ಪಾಳಿ ಬದಲಿಸಲು ಅವಕಾಶ ಕೊಟ್ಟಿದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಈ ಸಮಿತಿ ಇರಬೇಕು, ಅದರಲ್ಲಿ ಎರಡೂ ಕಡೆಯವರು ಸಮಸಂಖ್ಯೆಯಲ್ಲಿರಬೇಕು. ಅವಸರವಿದ್ದಾಗಲೂ ಕೇಳುವ ಹೊಣೆ ತಪ್ಪುವುದಿಲ್ಲ ಎಂದಾಯಿತು. ನೇಮಕಾತಿ ಪತ್ರದಲ್ಲೇ ಷರತ್ತು ಬದಲಿಸುವ ಅಧಿಕಾರ ಬರೆದುಕೊಂಡಿದ್ದೇವೆ ಎಂಬ ಇನ್ನೊಂದು ವಾದ ಇದಕ್ಕಿಂತ ದುರ್ಬಲ. ಕಾಯ್ದೆ ಕೊಟ್ಟ ರಕ್ಷಣೆಯನ್ನು ಖಾಸಗಿ ಕರಾರು ಅಳಿಸಲಾರದು.

ನನ್ನ ಆತಂಕವಿರುವುದು ಸಹಿಯ ಬಗ್ಗೆ. ಕರ್ನಾಟಕದ 2023ರ ಕಾರ್ಖಾನೆ ತಿದ್ದುಪಡಿ, ವಾರಕ್ಕೆ 48 ಗಂಟೆಯ ಮಿತಿಯೊಳಗೆ ದಿನದ ದುಡಿಮೆಯನ್ನು ವಿರಾಮ ಸೇರಿ 12 ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿತು. ಅದಕ್ಕೆ ಕಾರ್ಮಿಕರ ಲಿಖಿತ ಒಪ್ಪಿಗೆ ಬೇಕೆಂದೂ ಹೇಳಿತು. ಗುತ್ತಿಗೆ ನವೀಕರಣಕ್ಕೆ ಕಾಯುತ್ತಿರುವವರು ಮೇಲ್ವಿಚಾರಕ ಚಾಚಿದ ಹಾಳೆಗೆ ಒಬ್ಬೊಬ್ಬರೇ ಸಹಿ ಹಾಕಿದರೆ ಅದನ್ನು ಒಪ್ಪಿಗೆ ಎನ್ನಲು ನನಗೆ ಮನಸ್ಸು ಬಾರದು. ಒಂಟಿಯಾಗಿ ಬೇಡವೆನ್ನುವ ಧೈರ್ಯ ಎಷ್ಟು ಜನರಿಗಿದ್ದೀತು? ತಪಾಸಣೆಗೆ ಬರುವ ಅಧಿಕಾರಿ ಸಹಿ ಇದೆಯೇ ಎಂದಷ್ಟೇ ನೋಡಿ ಹಿಂದಿರುಗಬಾರದು. ಸಹಿಗೆ ಎಷ್ಟು ದಿನ ಮೊದಲು ವಿಷಯ ತಿಳಿಸಿದ್ದರು, ಕಾರ್ಮಿಕರು ಓದಬಲ್ಲ ಭಾಷೆಯಲ್ಲಿ ತಿಳಿಸಿದ್ದರೇ, ಸಮಿತಿಯಲ್ಲಿ ಅದು ಚರ್ಚೆಗೆ ಬಂದಿತ್ತೇ, ಸಹಿ ಹಾಕದೆ ಉಳಿದವರು ಇಂದಿಗೂ ಕೆಲಸದಲ್ಲಿದ್ದಾರೆಯೇ ಎಂದು ಕೇಳಿ, ಉತ್ತರವನ್ನು ವರದಿಯಲ್ಲಿ ದಾಖಲಿಸಬೇಕು.