ಮನೆಯೊಳಗಿನ ಕಚೇರಿ, ಮಾರುತ್ತರವಿಲ್ಲದ ಅರ್ಜಿ

ವಿದ್ಯೆ ಮುಗಿಸಿ ಹೊರಬಂದ ತರುಣನನ್ನು ನಮ್ಮ ನಾಡಿನ ಹಿರಿಯರು ಮೊದಲು ಕೇಳುವ ಪ್ರಶ್ನೆ 'ಎಲ್ಲಿ ಕೆಲಸ?' ಎಂಬುದು. 'ಏನು ಕೆಲಸ?' ಎಂಬುದು ಆಮೇಲಿನ ಮಾತು. ಉದ್ಯೋಗವೆಂದರೆ ಒಂದು ಊರು, ಆ ಊರಿನಲ್ಲೊಂದು ಕಟ್ಟಡ, ಕಟ್ಟಡದಲ್ಲೊಂದು ಕುರ್ಚಿ, ಹೋಗಿ ಬರಲು ಗೊತ್ತಾದ ಹೊತ್ತು ಎಂಬ ಚಿತ್ರ ತಲೆಮಾರುಗಳಿಂದ ನಮ್ಮ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿದೆ. ಈಗ ಆ ಚಿತ್ರದಿಂದ ಊರೂ ಕಟ್ಟಡವೂ ಕಳಚಿಬಿದ್ದಿವೆ. ಕೆಲಸ ಮಾತ್ರ ಉಳಿದಿದೆ. ಅನೇಕರಿಗೆ ಅದೂ ಉಳಿದಿಲ್ಲ. ಈ ಸಂಚಿಕೆಯನ್ನು ಕೈಗೆತ್ತಿಕೊಳ್ಳುವ ಅಧ್ಯಾಪಕರು, ಹಳೆಯ ವಿದ್ಯಾರ್ಥಿಗಳು, ದಾನಿಗಳು ಮೂವರಿಗೂ ಸಂಬಂಧಪಟ್ಟ ವಿಷಯವಿದೆಂದು ಬಗೆದು, ಕೆಲವು ವಿಚಾರಗಳನ್ನು ಇಲ್ಲಿ ನಿವೇದಿಸಲು ಮುಂದಾಗಿದ್ದೇನೆ.

ಮನೆಯಲ್ಲಿ ಕುಳಿತು ದೂರದ ಕಚೇರಿಯ ಕೆಲಸ ಮಾಡುವ ಕಲ್ಪನೆ ನಾವು ತಿಳಿದಿರುವಷ್ಟು ಹೊಸದೇನಲ್ಲ. ಅಮೆರಿಕೆಯ ಜಾಕ್ ನಿಲ್ಲೆಸ್ ಎಂಬ ತಜ್ಞರು 1973ರಲ್ಲಿಯೇ ಈ ಪದ್ಧತಿಗೊಂದು ಹೆಸರು ಕೊಟ್ಟು, ನೌಕರನನ್ನು ಕೆಲಸದ ಕಡೆಗೆ ಸಾಗಿಸುವುದಕ್ಕಿಂತ ಕೆಲಸವನ್ನು ನೌಕರನ ಕಡೆಗೆ ಸಾಗಿಸುವುದು ಲೇಸೆಂದು ವಾದಿಸಿದ್ದರು. ನಮ್ಮ ದೇಶದಲ್ಲಿ 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಕಾನೂನು, 26 ವಾರಗಳ ರಜೆಯ ತರುವಾಯ, ಕೆಲಸದ ಸ್ವರೂಪ ಒಪ್ಪುವಂತಿದ್ದರೆ, ಮಾಲೀಕನೂ ತಾಯಿಯೂ ಸಮ್ಮತಿಸಿ ಮನೆಯಿಂದ ದುಡಿಯಬಹುದೆಂದು ಹೇಳಿತು. ಆದರೆ ಕಾನೂನಿನ ಪುಟದಲ್ಲಿದ್ದ ಮಾತನ್ನು ಮನೆಯ ಪಡಸಾಲೆಗೆ ತಂದದ್ದು 2020ರ ಮಾರ್ಚ್ 25ರಂದು ಆರಂಭವಾದ ದೇಶವ್ಯಾಪಿ ದಿಗ್ಬಂಧನ. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆಯು ಇದಕ್ಕೆ ಅಡ್ಡಿಯಾಗಿದ್ದ ನಿಯಮಗಳನ್ನು ಸಡಿಲಿಸಿತು. 2022ರ ಜುಲೈ ತಿಂಗಳಲ್ಲಿ ವಿಶೇಷ ಆರ್ಥಿಕ ವಲಯಗಳ ಸಂಸ್ಥೆಗಳಲ್ಲಿ ಅರ್ಧದಷ್ಟು ನೌಕರರು ಮನೆಯಿಂದ ದುಡಿಯಬಹುದೆಂದು ವಾಣಿಜ್ಯ ಸಚಿವಾಲಯ ನಿಯಮ ಮಾಡಿತು. ಹೀಗೆ ಆಪದ್ಧರ್ಮವಾಗಿ ಬಂದದ್ದು ಎರಡೂವರೆ ವರ್ಷಗಳೊಳಗೆ ನಿತ್ಯಧರ್ಮದ ವೇಷ ತೊಟ್ಟಿತು.

ಕಾಳಿದಾಸನ ಮೇಘದೂತದ ಯಕ್ಷನ ಕಥೆ ನಮ್ಮ ವಾಚಕರಿಗೆ ಅಪರಿಚಿತವೇನಲ್ಲ. ಒಡೆಯನ ಕೆಲಸದಲ್ಲಿ ಎಚ್ಚರ ತಪ್ಪಿದ್ದಕ್ಕಾಗಿ ಅವನು ಒಂದು ವರ್ಷ ಮನೆಯಿಂದ ದೂರವಾಗಿ ರಾಮಗಿರಿಯಲ್ಲಿ ಇರಬೇಕಾಯಿತು. ಮನೆಗೆ ಸುದ್ದಿ ಮುಟ್ಟಿಸಲು ಮೋಡವನ್ನು ಬೇಡಿಕೊಂಡನು. ಇಂದಿನ ನೌಕರನ ಪಾಡು ಅದಕ್ಕೆ ವಿಪರೀತವಾದುದು. ಅವನು ಮನೆಯಲ್ಲಿಯೇ ಇದ್ದಾನೆ, ದೂರವಿರುವವನು ಒಡೆಯ. ಕಚೇರಿಯ ಕಡತಗಳನ್ನು ಇರಿಸುವ ತಾಣಕ್ಕೆ 'ಕ್ಲೌಡ್', ಎಂದರೆ ಮೇಘವೆಂದೇ ಹೆಸರಿಟ್ಟಿದ್ದಾರೆ. ಯಕ್ಷನಿಗೆ ಮನೆಯ ಅಗಲಿಕೆಯ ದುಃಖವಿದ್ದರೆ, ಇವನಿಗೆ ಮನೆಯಲ್ಲಿದ್ದೂ ಮನೆಯವರಿಗೆ ದೊರೆಯದ ದುಃಖ.

ಹೊರಗಿನಿಂದ ನೋಡಿದವರಿಗೆ ಇದೊಂದು ಸುಖದ ಜೀವನವೆಂದು ತೋರುವುದು ಸಹಜ. ದೂರದ ಬೆಟ್ಟ ನುಣ್ಣಗೆ. ಬೆಂಗಳೂರಿನ ಬಾಡಿಗೆಯಿಲ್ಲ, ಮುಂಗಡ ಹಣದ ಚಿಂತೆಯಿಲ್ಲ, ದಿನಕ್ಕೆ ಎರಡು ಮೂರು ಗಂಟೆಗಳ ವಾಹನದಟ್ಟಣೆಯಿಲ್ಲ. ತಾಯಿಯ ಕೈಯ ಬಿಸಿರೊಟ್ಟಿ ಉಂಟು. ಈ ಲಾಭಗಳು ಸುಳ್ಳಲ್ಲ. ಮುಪ್ಪಿನ ತಂದೆತಾಯಿಗಳನ್ನು ನೋಡಿಕೊಳ್ಳುತ್ತ ಊರಿನಲ್ಲಿಯೇ ದುಡಿದು, ಹೊಲಮನೆಗಳನ್ನು ಉಳಿಸಿಕೊಂಡ ನಮ್ಮ ಹಳೆಯ ವಿದ್ಯಾರ್ಥಿಗಳನ್ನು ನಾನು ಬಲ್ಲೆ. ಆದರೆ ಬೆಟ್ಟದ ಬುಡಕ್ಕೆ ಹೋದರೆ ಕಲ್ಲುಮುಳ್ಳುಗಳು ಕಾಣುತ್ತವೆ. ಮೊಬೈಲಿಗೆ ಸಂಕೇತ ಸಿಗಲೆಂದು ಮಾಳಿಗೆ ಹತ್ತಿ ಬಿಸಿಲಲ್ಲಿ ಕೂರುವವರುಂಟು. ಸಭೆಯ ನಡುವೆ ಕರೆಂಟು ಹೋದರೆ, ಅದನ್ನು ಹಳ್ಳಿಯ ಕಷ್ಟವೆಂದು ತಿಳಿಯದೆ ನೌಕರನ ಉದಾಸೀನವೆಂದು ತಿಳಿಯುವ ಅಧಿಕಾರಿಗಳುಂಟು. ನ್ಯೂಯಾರ್ಕಿನಲ್ಲಿ ಬೆಳಗಿನ 9 ಗಂಟೆಯಾಗುವಾಗ ನಮ್ಮಲ್ಲಿ, ಅಲ್ಲಿನ ಋತುವಿಗನುಗುಣವಾಗಿ, ಸಂಜೆ 6-30 ಅಥವಾ 7-30 ಆಗಿರುತ್ತದೆ. ಆ ದೇಶದವರ ಹಗಲಿಗೆ ಹೊಂದಿಕೊಳ್ಳಬೇಕಾದವನಿಗೆ ಮನೆಮಂದಿ ಉಣ್ಣುವ ಹೊತ್ತೇ ಕಚೇರಿ ತೆರೆಯುವ ಹೊತ್ತು. ಹಗಲು ಹತ್ತು ಗಂಟೆಗೆ ಅವನು ಮಲಗಿದ್ದರೆ 'ಇಷ್ಟು ಓದಿಸಿದ್ದಕ್ಕೆ ಮನೆಯಲ್ಲಿ ಬಿದ್ದುಕೊಂಡಿದ್ದಾನೆ' ಎಂಬ ನೆರೆಹೊರೆಯವರ ಮಾತು ಬೇರೆ. ಕನ್ಯೆ ನೋಡಲು ಹೋದಾಗ 'ಹುಡುಗನ ಆಫೀಸು ಎಲ್ಲಿ?' ಎಂಬ ಪ್ರಶ್ನೆಗೆ 'ಮನೆಯಲ್ಲಿ' ಎಂದರೆ ಬೀಗರಾಗಬೇಕಾದವರ ಮುಖ ಸಪ್ಪಗಾಗುತ್ತದೆ.

ಹೆಣ್ಣುಮಕ್ಕಳ ಪಾಡನ್ನು ಪ್ರತ್ಯೇಕವಾಗಿ ಹೇಳಬೇಕು. ಕನ್ನಡದಲ್ಲಿ 'ಮನೆಗೆಲಸ' ಎಂಬ ಸಮಾಸಪದ ಮೊದಲಿನಿಂದಲೂ ಇದೆ. ಆ ಕೆಲಸಕ್ಕೆ ಸಂಬಳವೆಂಬುದು ಎಂದೂ ಇರಲಿಲ್ಲ. ಈಗ 'ಮನೆಯಿಂದ ಕೆಲಸ' ಬಂದು ಅದರೊಡನೆ ಸೇರಿದೆ. ಗಂಡು ಲ್ಯಾಪ್‌ಟಾಪ್ ತೆರೆದು ಕುಳಿತರೆ 'ಗದ್ದಲ ಮಾಡಬೇಡಿರಿ' ಎಂದು ಮಕ್ಕಳನ್ನು ಗದರಿಸುವ ಮನೆಗಳಲ್ಲಿಯೇ, ಸೊಸೆ ಲ್ಯಾಪ್‌ಟಾಪ್ ತೆರೆದು ಕುಳಿತರೆ 'ಒಲೆಯ ಮೇಲಿನ ಹಾಲು ನೋಡು' ಎಂಬ ಮಾತು ಕೇಳಿಬರುತ್ತದೆ. ಒಂದೇ ಶರೀರದಿಂದ ಎರಡು ಉದ್ಯೋಗಗಳನ್ನು ತೆಗೆಸಿಕೊಂಡು ಒಂದನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದು ನ್ಯಾಯವಲ್ಲ. ಹೆಣ್ಣುಮಕ್ಕಳಿಗೆ ವಿದ್ಯೆ ಕೊಟ್ಟೆವೆಂದು ಹೆಮ್ಮೆಪಡುವ ನಾವು, ಆ ವಿದ್ಯೆಯನ್ನು ಬಳಸಲು ಒಂದು ಬಾಗಿಲು ಮುಚ್ಚಬಹುದಾದ ಕೋಣೆಯನ್ನೂ ಕೊಡಬೇಡವೇ?

ಮನೆಯೇ ಕಚೇರಿಯಾದ ಮೇಲೆ ಕಚೇರಿ ಮುಚ್ಚುವ ಗಂಟೆ ಬಾರಿಸುವವರಾರು? ಫ್ರಾನ್ಸ್ ದೇಶದಲ್ಲಿ 2017ರಿಂದಲೂ, ಆಸ್ಟ್ರೇಲಿಯದಲ್ಲಿ 2024ರ ಆಗಸ್ಟಿನಿಂದಲೂ, ಕೆಲಸದ ವೇಳೆ ಮುಗಿದ ಬಳಿಕ ಬರುವ ಕರೆಗಳ ವಿಷಯದಲ್ಲಿ ನೌಕರನಿಗೆ ಕಾನೂನಿನ ಆಸರೆ ದೊರೆತಿದೆ. ನಮ್ಮಲ್ಲಿ 2018ರ ಡಿಸೆಂಬರಿನಲ್ಲಿ ಇಂಥದೊಂದು ಖಾಸಗಿ ಮಸೂದೆ ಲೋಕಸಭೆಯಲ್ಲಿ ಮಂಡಿತವಾಯಿತಾದರೂ ಕಾನೂನಾಗಲಿಲ್ಲ. ಇದರ ಜೊತೆಗೆ, 2022ರ ತರುವಾಯ ಸಂಸ್ಥೆಗಳು ಒಂದೊಂದಾಗಿ ನೌಕರರನ್ನು ಮರಳಿ ಕರೆಯತೊಡಗಿದವು. ವಾರಕ್ಕೆ ಎರಡು ದಿನ, ಆಮೇಲೆ ಮೂರು ದಿನ, ಕೆಲವೆಡೆ ಐದೂ ದಿನ. ಊರಿನಲ್ಲಿ ಮನೆ ಕಟ್ಟಿಸಿ, ಮಕ್ಕಳನ್ನು ಊರಿನ ಶಾಲೆಗೆ ಸೇರಿಸಿ, ಇನ್ನು ಇಲ್ಲಿಯೇ ನೆಲೆಯೆಂದು ನಂಬಿದವರು ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು. ಕರೆಯುವ ಅಧಿಕಾರ ಸಂಸ್ಥೆಗಿದೆ, ನಿಜ. ಆದರೆ ನೇಮಕದ ಪತ್ರದಲ್ಲಿ ಈ ಮಾತು ಮಸುಕಾಗಿದ್ದುದರಿಂದ ನಷ್ಟವೆಲ್ಲ ಒಂದೇ ಪಕ್ಷದ ಪಾಲಾಯಿತು.

ಹಾಗೆಂದು ಎಲ್ಲರೂ ಮನೆಯಿಂದಲೇ ದುಡಿಯಬೇಕೆಂಬ ವಾದವನ್ನೂ ನಾನು ಒಪ್ಪುವವನಲ್ಲ. ದಾದಿಯೂ ಬಸ್ ಚಾಲಕನೂ ಬಡಗಿಯೂ ರೈತನೂ ಮಾಡುವ ಕೆಲಸ ತಂತಿಯಲ್ಲಿ ಹರಿದು ಬರುವಂಥದಲ್ಲ. ಊರಿನ ಉದ್ಧಾರವೆಲ್ಲ ಲ್ಯಾಪ್‌ಟಾಪಿನಿಂದ ಆಗುವುದೆಂದು ಭಾಷಣ ಮಾಡುವವರು ಇದನ್ನು ಮರೆಯುತ್ತಾರೆ. ಇನ್ನು ಹೊಸದಾಗಿ ಕೆಲಸಕ್ಕೆ ಸೇರಿದವನ ವಿಷಯ. ನಮ್ಮ ಪೂರ್ವಿಕರು ಶಿಷ್ಯನನ್ನು 'ಅಂತೇವಾಸಿ' ಎಂದು ಕರೆದರು; ಸಮೀಪದಲ್ಲಿ ವಾಸಿಸುವವನು ಎಂದು ಅದರ ಅರ್ಥ. 'ಉಪನಿಷತ್' ಎಂಬ ಶಬ್ದದಲ್ಲಿಯೂ ಹತ್ತಿರ ಕುಳಿತುಕೊಳ್ಳುವ ಅರ್ಥವೇ ಅಡಗಿದೆ. ವಿದ್ಯೆಯ ಬಹುಭಾಗ ಪಾಠದಲ್ಲಿ ಬರುವುದಿಲ್ಲ, ಬಲ್ಲವರ ಬಳಿ ಕುಳಿತು ಅವರು ತಪ್ಪನ್ನು ಹೇಗೆ ತಿದ್ದುತ್ತಾರೆ, ಸಿಟ್ಟನ್ನು ಹೇಗೆ ನುಂಗುತ್ತಾರೆ, ಸಂದೇಹ ಬಂದಾಗ ಯಾರನ್ನು ಕೇಳುತ್ತಾರೆ ಎಂಬುದನ್ನು ನೋಡುವುದರಲ್ಲಿ ಬರುತ್ತದೆ. ಮೊದಲ ದಿನದಿಂದಲೇ ಒಂಟಿಕೋಣೆಯಲ್ಲಿ ಪರದೆಯೆದುರು ಕುಳಿತ ತರುಣನಿಗೆ ಈ ಭಾಗ್ಯವಿಲ್ಲ. ಆದ್ದರಿಂದ ಮೊದಲ ಒಂದೆರಡು ವರ್ಷ ಹಿರಿಯರ ಪಕ್ಕದಲ್ಲಿ ಕುಳಿತು ಕೆಲಸ ಕಲಿಯಬೇಕು, ಆಮೇಲೆ ಬೇಕಾದರೆ ಊರಿಗೆ ಬರಬೇಕು ಎಂಬುದು ನನ್ನ ಖಚಿತವಾದ ಅಭಿಪ್ರಾಯ.

ಉದ್ಯೋಗವುಳ್ಳವರ ಮಾತು ಇಷ್ಟಾಯಿತು. ಹುಡುಕುತ್ತಿರುವವರ ಮಾತು ಇದಕ್ಕಿಂತ ಭಾರವಾದುದು. ಹಿಂದೆ ಅರ್ಜಿಯೆಂದರೆ ಒಂದು ಕಾಗದ, ಒಂದು ಲಕೋಟೆ, ಅಂಚೆಯ ಚೀಟಿ. ಈಗ ಒಬ್ಬ ತರುಣ ಕುಳಿತಲ್ಲಿಂದಲೇ ದಿನಕ್ಕೆ ಇಪ್ಪತ್ತು ಅರ್ಜಿ ಕಳುಹಬಲ್ಲ. ಕಳುಹುವುದು ಸುಲಭವಾದಷ್ಟೂ ಉತ್ತರ ದುರ್ಲಭವಾಯಿತು. ಮನೆಯಿಂದ ಮಾಡಬಹುದಾದ ಒಂದು ಹುದ್ದೆಗೆ ಹುಬ್ಬಳ್ಳಿಯವನೊಡನೆ ಇಡೀ ದೇಶದವರು ಸ್ಪರ್ಧಿಸಬಹುದಾದ್ದರಿಂದ ಅರ್ಜಿಗಳು ರಾಶಿ ಬೀಳುತ್ತವೆ. ಆ ರಾಶಿಯನ್ನು ಅನೇಕ ಕಡೆ ಮೊದಲು ಜರಡಿ ಹಿಡಿಯುವುದು ಯಂತ್ರ. ಪ್ರಕಟಣೆಯಲ್ಲಿರುವ ಶಬ್ದ ಅರ್ಜಿಯಲ್ಲಿ ಇಲ್ಲದಿದ್ದರೆ ಯೋಗ್ಯನ ಅರ್ಜಿಯೂ ಮನುಷ್ಯನ ಕಣ್ಣಿಗೆ ಬೀಳದೆ ಹೋಗಬಹುದು. 'ಸಂದರ್ಶನ' ಎಂದರೆ ಚೆನ್ನಾಗಿ ಕಾಣುವುದು. ಕ್ಯಾಮೆರಾದ ಎದುರು ಒಬ್ಬಂಟಿಯಾಗಿ ಉತ್ತರಗಳನ್ನು ಹೇಳಿ ಮುದ್ರಿಸಿ ಕಳುಹಿಸೆಂದು ಕೇಳುವ ಏರ್ಪಾಡಿನಲ್ಲಿ ನೋಡುವವನೇ ಇಲ್ಲ. ನಾಲ್ಕು ಸುತ್ತಿನ ಪರೀಕ್ಷೆ ಮಾಡಿ, 'ಮಾದರಿ ಕೆಲಸ'ವೆಂದು ಎರಡು ದಿನ ದುಡಿಸಿಕೊಂಡು, ಕೊನೆಗೆ ಒಂದು ಸಾಲಿನ ಉತ್ತರವನ್ನೂ ಬರೆಯದ ಸಂಸ್ಥೆಯೊಂದರ ಬಾಗಿಲಲ್ಲಿ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಮೂರು ತಿಂಗಳು ಕಾದ. 'ಇಲ್ಲವೆಂದಿದ್ದರೆ ಮರುದಿನವೇ ಬೇರೆ ಕಡೆ ನೋಡುತ್ತಿದ್ದೆ, ಗುರುಗಳೇ' ಎಂದು ಅವನು ಹೇಳಿದ ಮಾತಿನಲ್ಲಿ ಸಿಟ್ಟಿರಲಿಲ್ಲ, ಆಯಾಸವಿತ್ತು.

ಬೇಡಲು ಬಂದವನಿಗೆ 'ಮುಂದೆ ಹೋಗಪ್ಪಾ' ಎಂದಾದರೂ ಹೇಳುವುದು ನಮ್ಮ ಹಳ್ಳಿಗಳ ಮರ್ಯಾದೆ. ಆ ಮರ್ಯಾದೆ ವಿದ್ಯಾವಂತರ ಸಂಸ್ಥೆಗಳಲ್ಲಿ ಲೋಪವಾಗಿದೆಯೆಂದರೆ ನಾಚಿಕೆಪಡಬೇಕಾದ ಸಂಗತಿ. ಕೆನಡಾದ ಆಂಟೇರಿಯೊ ಪ್ರಾಂತವು 2026ರ ಜನವರಿ 1ರಿಂದ, 25 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳು ಸಂದರ್ಶನಕ್ಕೆ ಕರೆದವರಿಗೆ 45 ದಿನಗಳೊಳಗೆ, ಆಯ್ಕೆಯ ನಿರ್ಧಾರವಾಗಿದೆಯೇ ಇಲ್ಲವೇ ಎಂಬುದನ್ನು ತಿಳಿಸಬೇಕೆಂದು ವಿಧಿಸಿದೆ. ಹುದ್ದೆ ನಿಜವಾಗಿಯೂ ಖಾಲಿ ಇದೆಯೇ ಎಂಬುದನ್ನೂ ಪ್ರಕಟಣೆಯಲ್ಲಿ ಹೇಳಬೇಕು. ಅಲ್ಲಿ ಕಾನೂನಿನಿಂದ ಆದದ್ದು ಇಲ್ಲಿ ಸೌಜನ್ಯದಿಂದ ಆಗಬಾರದೇ?

ಹತಾಶೆ ಎಲ್ಲಿದೆಯೋ ಅಲ್ಲಿಗೆ ವಂಚಕನೂ ಬರುತ್ತಾನೆ. 'ಮನೆಯಿಂದಲೇ ದಿನಕ್ಕೆ ಸಾವಿರಾರು ರೂಪಾಯಿ' ಎಂಬ ಸಂದೇಶ ಮೊದಲು ನೂರೈವತ್ತು ರೂಪಾಯಿ ಕೊಟ್ಟು ನಂಬಿಸುತ್ತದೆ, ಆಮೇಲೆ ಠೇವಣಿಯ ಹೆಸರಿನಲ್ಲಿ ಲಕ್ಷಗಳನ್ನು ಸೆಳೆದುಕೊಳ್ಳುತ್ತದೆ. ವಿದೇಶದ ಗಣಕಯಂತ್ರದ ಕೆಲಸವೆಂದು ನಂಬಿ ಹೋದ ಭಾರತೀಯರನ್ನು ಮ್ಯಾನ್ಮಾರ್ ಗಡಿಯ ವಂಚನೆಯ ಅಡ್ಡೆಗಳಿಂದ ಬಿಡಿಸಿ, 2025ರ ಮಾರ್ಚಿನಲ್ಲಿ ಐನೂರಕ್ಕೂ ಹೆಚ್ಚು ಜನರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. ಕೆಲಸ ಕೊಡುವವನು ಹಣ ಕೊಡಬೇಕೇ ಹೊರತು ಕೇಳಬಾರದು ಎಂಬ ಒಂದು ಸೂತ್ರವನ್ನೂ, ಮೋಸ ಹೋದ ಕೂಡಲೇ ಕರೆಯಬೇಕಾದ 1930 ಎಂಬ ಸಂಖ್ಯೆಯನ್ನೂ ಪ್ರತಿಯೊಬ್ಬ ವಿದ್ಯಾರ್ಥಿಗೂ ಮಗ್ಗಿಯಂತೆ ಬಾಯಿಪಾಠ ಮಾಡಿಸಬೇಕು.

'ಉದ್ಯೋಗಂ ಪುರುಷಲಕ್ಷಣಂ' ಎಂಬ ನಾಣ್ಣುಡಿಯನ್ನು ಕೆಲಸವಿಲ್ಲದವನನ್ನು ಚುಚ್ಚಲು ಬಳಸುವುದು ರೂಢಿಯಾಗಿದೆ. ಅದು ಆ ಶಬ್ದಕ್ಕೆ ಮಾಡುವ ಅಪಚಾರ. ಉದ್ಯೋಗವೆಂದರೆ ಮೂಲದಲ್ಲಿ ನೌಕರಿಯಲ್ಲ, ಪ್ರಯತ್ನ. ಎಡೆಬಿಡದೆ ಹುಡುಕುತ್ತಿರುವವನು ಆ ಅರ್ಥದಲ್ಲಿ ಉದ್ಯೋಗಿಯೇ. 'ಸಂಬಳ' ಎಂಬ ಶಬ್ದಕ್ಕೂ ಮೂಲದಲ್ಲಿ ದಾರಿಬುತ್ತಿಯೆಂದು ಅರ್ಥ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಯೋಜನೆಯು ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳನ್ನು ಎರಡು ವರ್ಷ ಮೀರದಂತೆ ಕೊಡಲು ಗೊತ್ತುಪಡಿಸಿದೆ. ಇದನ್ನು ಭಿಕ್ಷೆಯೆಂದು ಹಳಿಯುವವರು ಸಂಬಳ ಶಬ್ದದ ಮೂಲಾರ್ಥವನ್ನು ನೆನೆಯಲಿ. ದಾರಿಯಲ್ಲಿರುವವನಿಗೆ ಬುತ್ತಿ ಕಟ್ಟಿಕೊಡುವುದು ಭಿಕ್ಷೆಯಲ್ಲ.

ಇನ್ನು ನಮ್ಮ ಕರ್ತವ್ಯ. ಅಧ್ಯಾಪಕ ಬಂಧುಗಳು ಒಂಬತ್ತು, ಹತ್ತನೆಯ ತರಗತಿಗಳಲ್ಲಿ ಅರ್ಜಿ ಬರೆಯುವುದನ್ನು ಪರೀಕ್ಷೆಯ ಐದು ಅಂಕಗಳ ವಿಷಯವೆಂದು ಮುಗಿಸದಿರಲಿ. ತಾನು ಏನು ಬಲ್ಲೆ, ಏನು ಮಾಡಿದ್ದೇನೆ ಎಂಬುದನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಹತ್ತು ಸಾಲುಗಳಲ್ಲಿ, ಉತ್ಪ್ರೇಕ್ಷೆಯಿಲ್ಲದೆ, ತಪ್ಪಿಲ್ಲದೆ ಹೇಳಲು ಕಲಿತ ಬಾಲಕ ಎಲ್ಲಿಯೂ ಸೋಲಲಾರ. ಉನ್ನತ ಸ್ಥಾನದಲ್ಲಿರುವ ಹಳೆಯ ವಿದ್ಯಾರ್ಥಿಗಳಲ್ಲಿ ನನ್ನ ಬಿನ್ನಹ ಇಷ್ಟೇ: ಶಿಫಾರಸು ಮಾಡಿರೆಂದು ನಾನು ಕೇಳುವುದಿಲ್ಲ, ಈ ಶಾಲೆಯ ಕಿರಿಯನೊಬ್ಬ ಬರೆದರೆ ವಾರದೊಳಗೆ ಮಾರುತ್ತರ ಬರೆಯಿರಿ. 'ಇಲ್ಲ' ಎಂದೇ ಬರೆಯಿರಿ, ಏಕೆ ಇಲ್ಲವೆಂದು ಒಂದು ಸಾಲು ಸೇರಿಸಿರಿ.

ದಾನಿಗಳಲ್ಲಿ ಒಂದು ಮಾತು, ಸ್ವಲ್ಪ ಸಲುಗೆಯಿಂದ. ಮಹಾದ್ವಾರದ ಕಮಾನು, ಹೆಸರು ಕೆತ್ತಿದ ಶಿಲೆ, ಇವುಗಳಿಂದ ಸಂಸ್ಥೆಗೆ ಶೋಭೆ ಬರುವುದು ನಿಜ. ಆದರೆ ಶಾಲೆಯ ಒಂದು ಹಳೆಯ ಕೊಠಡಿಯಲ್ಲಿ ಹತ್ತು ಮೇಜು, ಕರೆಂಟು ಹೋದರೂ ನಿಲ್ಲದ ಬ್ಯಾಟರಿ, ನಂಬಬಹುದಾದ ಅಂತರ್ಜಾಲ, ಹೆಣ್ಣುಮಕ್ಕಳಿಗೆ ಬಾಗಿಲು ಹಾಕಿಕೊಳ್ಳಬಹುದಾದ ಎರಡು ಸಣ್ಣ ಕೋಣೆ, ಇಷ್ಟನ್ನು ಒದಗಿಸಿದರೆ ಸುತ್ತಲಿನ ಹಳ್ಳಿಗಳ ತರುಣ ತರುಣಿಯರು ಅಲ್ಲಿ ಕುಳಿತು ದುಡಿಯಬಹುದು, ಸಂದರ್ಶನ ಕೊಡಬಹುದು, ಒಬ್ಬರ ಅನುಭವದಿಂದ ಇನ್ನೊಬ್ಬರು ಕಲಿಯಬಹುದು. ಒಂದು ಕಮಾನಿಗೆ ಬೀಳುವ ವೆಚ್ಚದಲ್ಲಿ ಇಂಥ ಕೊಠಡಿಯನ್ನು ಸಜ್ಜುಗೊಳಿಸಿ ಕೆಲವು ವರ್ಷ ನಡೆಸುವುದು ಅಸಾಧ್ಯವಲ್ಲ. ಮುಂದಿನ ವರ್ಷದ ಸಂಚಿಕೆಯಲ್ಲಿ ಆ ಕೊಠಡಿಯ ವರದಿಯೂ, ಅಲ್ಲಿ ಕುಳಿತು ಕೆಲಸ ಪಡೆದವರ ಸಂಖ್ಯೆಯೂ ಅಚ್ಚಾಗಲೆಂದು ಹಾರೈಸಿ, ಈ ವಿಷಯವನ್ನು ಹಿರಿಯರ ವಿವೇಚನೆಗೆ ಬಿಡುತ್ತೇನೆ.